ದನದ ದವಾಖಾನೆಯ ಆಸರೆ ಮನೆ

ಜೂನ್ ೩, ೨೦೧೩, ಸೋಮವಾರ

ಇವತ್ತಿನಿಂದ ನಾನು ಪುರಸಭೆಯ ಆಸರೆ ಮನೆಯ ಮೇಲ್ವಿಚಾರಕಿ. ಗಂಡನ ಕೈಯಲ್ಲಿ ಪೆಟ್ಟು ತಿಂದು ಓಡಿಬಂದ ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಕಾಯುವ ಕೆಲಸ. ಇಷ್ಟು ವರ್ಷ ಬಾಲವಾಡಿಯಲ್ಲಿ ಮಕ್ಕಳ ಸಿಂಬಳ ಒರೆಸಿದ್ದಾಯಿತು, ಇನ್ನು ದೊಡ್ಡವರ ಕಣ್ಣೀರು. ಮನೆ ಅಂತ ಹೆಸರಷ್ಟೇ, ಇದು ಊರಿನ ಹಳೇ ದನದ ದವಾಖಾನೆ. ಸುಣ್ಣ ಬಳಿದಿದ್ದಾರೆ, ಕಿಟಕಿಗೆ ಸರಳು ಕೂರಿಸಿದ್ದಾರೆ. ದನ ಸಿಗಿಸಿ ಸೂಜಿ ಚುಚ್ಚುತ್ತಿದ್ದ ಕಬ್ಬಿಣದ ಕಟಕಟೆ ಮಾತ್ರ ಕಂಪೌಂಡ್ ಗೋಡೆಯ ಪಕ್ಕದಲ್ಲಿ ಹಾಗೇ ನಿಂತಿದೆ. ಅದನ್ನು ಕೀಳಿಸುವುದು ಯಾವ ಇಲಾಖೆಯ ಕೆಲಸ ಅಂತ ಇನ್ನೂ ತೀರ್ಮಾನವಾಗಿಲ್ಲವಂತೆ. ಇರಲಿ, ಬಟ್ಟೆ ಒಣಹಾಕಲು ಬರುತ್ತದೆ.

ಇಂಥ ಮನೆ ಎಲ್ಲಿದೆ ಅಂತ ಹೊರಗಿನವರಿಗೆ ತಿಳಿಯಬಾರದು, ಗಂಡಂದಿರು ಹುಡುಕಿಕೊಂಡು ಬರುತ್ತಾರೆ ಅಂತ ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ಇವತ್ತು ಡೊಳ್ಳು ಬಡಿದು ಉದ್ಘಾಟನೆ ಮಾಡಿದರು. ಬಸ್‌ಸ್ಟ್ಯಾಂಡಿನಿಂದ ನಮ್ಮ ಗೇಟಿನ ತನಕ ಫ್ಲೆಕ್ಸು, ಫ್ಲೆಕ್ಸಿನ ಮೇಲೆ ಬಾಣದ ಗುರುತು ಬೇರೆ. ಎಲ್ಲವನ್ನೂ ಮುಂದೆ ನಿಂತು ಮಾಡಿಸಿದವರು ಮೆಂಬರ್ ಕಳಕಪ್ಪನವರು. ಚುನಾವಣೆಯಲ್ಲಿ ಗೆದ್ದವರು ಅವರ ಹೆಂಡತಿ. ಆ ಹೆಣ್ಣುಮಗಳ ಮುಖವನ್ನು ಊರು ಫ್ಲೆಕ್ಸಿನಲ್ಲಿ ಮಾತ್ರ ಕಂಡಿದೆ.

"ಸರ, ಈ ಮನಿ ಗುಪ್ತ ಇರಬೇಕಲ್ರಿ?" ಅಂದೆ.

"ಗುಪ್ತನ ಐತಲ್ರೀ ಅಕ್ಕಾರ. ಮನಿ ಹೆಸರಷ್ಟ ಹಾಕೇವಿ. ಒಳಗ ಇರೋರ ಹೆಸರು ಹಾಕೇವೇನು?"

ಅಡುಗೆಯ ಗೌಸಬೀ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ನನಗೂ ನಗು ತಡೆಯಲಾಗಲಿಲ್ಲ.

ಜೂನ್ ೧೨, ಬುಧವಾರ

ಮಾರೆವ್ವ ಅಂತ ಒಬ್ಬ ವಯಸ್ಸಾದಾಕೆ ಮೊದಲೇ ಬಂದಿದ್ದಳು. ಇವತ್ತು ಇನ್ನೊಬ್ಬಳು ಬಂದಳು. ಹೆಸರು ಅಮೃತಾ. ತವರು ನವಲಿ, ಗಂಡನ ಮನೆ ಗಿಣಿಗೇರಾ. ಗಂಡ ಅಲ್ಲಿಯ ಕಬ್ಬಿಣದ ಫ್ಯಾಕ್ಟರಿಯಲ್ಲಿದ್ದಾನೆ. ಇನ್ನೂ ಸಣ್ಣ ವಯಸ್ಸು, ಎರಡು ಜೋಡಿ ಬಟ್ಟೆ, ಒಂದು ಮೊಬೈಲು.

ಮಾರೆವ್ವ ಬಂದ ದಿನ ಗಂಡನ ಹೆಸರು ಹೇಳಿಸುವುದರಲ್ಲಿ ನನ್ನ ಅರ್ಧ ದಿನ ಹೋಗಿತ್ತು. ಕಿವಿ ಹರಿಯುವ ಹಾಗೆ ಹೊಡೆದವನ ಹೆಸರನ್ನು ಬಾಯಿಬಿಟ್ಟು ಹೇಳಲು ಆಕೆಗೆ ಸಂಕೋಚ. ಅಮೃತಾ ಹಾಗಲ್ಲ.

"ಪ್ರಭುರಾಜ ಅಂತರಿ. ಮದ್ಲ ಬಾಗಲಾ ಹಾಕ್ತಾನ. ಆಮ್ಯಾಲ ಟಿವಿ ಜೋರ್ ಇಡ್ತಾನ. ಆಮ್ಯಾಲ ಬೆಲ್ಟ್ ಬಿಚ್ತಾನ. ಮರುದಿನ ಮಿರ್ಚಿ ಭಜಿ ತಂದ ಕೊಡ್ತಾನ."

"ಅಯ್ಯ ನಮ್ಮವ್ವ, ಗಂಡನ ಹೆಸರ ಹೇಳಬಾರದ ಬೇ. ಆಯುಷ್ಯ ಕಮ್ಮಿ ಆಗತೈತಿ" ಅಂದಳು ಮಾರೆವ್ವ.

"ಹಂಗಾದ್ರ ದಿನಾ ನೂರಾ ಎಂಟು ಸಲ ಹೇಳ್ತೀನಿ ತಗೋ" ಅಂದಳು ಈ ಹುಡುಗಿ. ಬೆನ್ನಿನ ಮೇಲೆ ಬಾಸುಂಡೆ ಇಟ್ಟುಕೊಂಡು ಇಂಥ ಮಾತು! ಬಾಯಿ ಬಿಗಿ ಹಿಡಿ ಅಂತ ಗದರಿದೆ. ಒಳಗೆ ಬಂದು ಒಬ್ಬಳೇ ನಕ್ಕೆ.

ಜುಲೈ ೪, ಗುರುವಾರ

ಕಳಕಪ್ಪನವರು ಪುರಸಭೆಯ ಹಾಲ್‌ನಲ್ಲಿ ರಾಜಿ ಇಟ್ಟುಕೊಂಡಿದ್ದರು. ಪ್ರಭುರಾಜ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ, ಮಾತಿಗೊಮ್ಮೆ ಅಕ್ಕಾರ ಅಕ್ಕಾರ ಅಂತ ಬಾಗುತ್ತಾನೆ. ನೋಡಿದವರು ಮಗಳನ್ನು ಕೊಡಬೇಕು, ಹಾಗಿದ್ದಾನೆ.

"ಸಣ್ಣ ಹುಡುಗ್ರು. ಸಿಟ್ಟ ಬಂದೈತಿ, ಒಂದ್ ಸಲ ಕೈ ತಾಗೇತಿ. ಅಷ್ಟಕ್ಕ ಮನಿ ಮುರಿಯೋದೇನ್ರಿ?" ಅಂದರು ಕಳಕಪ್ಪನವರು.

"ಬೆಲ್ಟು ಕೈಯಲ್ರಿ ಸರ. ತಾನಾಗೇ ಸೊಂಟದಿಂದ ಬಿಚ್ಚಕೊಂಡು ಹೋಗಿ ತಾಗೋದಿಲ್ಲ" ಅಂದೆ. ಹಾಲ್‌ನಲ್ಲಿ ಕುಳಿತವರೆಲ್ಲ ಪ್ರಭುರಾಜನ ಸೊಂಟದ ಕಡೆ ನೋಡಿದರು. ನನಗೇ ನನ್ನ ಧೈರ್ಯ ನೋಡಿ ಆಶ್ಚರ್ಯವಾಯಿತು.

ಅಮೃತಾಳನ್ನು ಕೇಳಿದರು. ತಲೆ ಎತ್ತಿ, "ಹೋಗೂದಿಲ್ಲ" ಅಂದಳು. ಒಂದೇ ಮಾತು. ಬರುವಾಗ ಟಂಟಂನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಗಾಡಿ ಕುಣಿಯುತ್ತಿತ್ತು. ಮನೆ ಬರುವವರೆಗೂ ಅವಳ ತಲೆಯನ್ನು ಹಿಡಿದುಕೊಂಡೇ ಕುಳಿತಿದ್ದೆ.

ಜುಲೈ ೨೧, ಭಾನುವಾರ

ಸಂಜೆ ಅಮೃತಾ ನನ್ನ ತಲೆಗೆ ಎಣ್ಣೆ ಹಾಕಿದಳು. ಯಜಮಾನರು ಹೋಗಿ ಒಂಬತ್ತು ವರ್ಷವಾಯಿತು, ನನ್ನ ತಲೆಯನ್ನು ಇನ್ನೊಬ್ಬರ ಕೈ ಮುಟ್ಟಿ ಅದಕ್ಕಿಂತ ಹೆಚ್ಚೇ ಆಗಿರಬೇಕು. ಅವರು ಒಂದು ದಿನವೂ ಕೈ ಎತ್ತಿದವರಲ್ಲ. ಸಾರು ಚಲೋ ಆಗಿದೆ ಅಂತ ಒಂದು ದಿನ ಅಂದವರೂ ಅಲ್ಲ. ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ಗಡಿಯಾರವೊಂದೇ ಮಾತಾಡುತ್ತಿತ್ತು.

ಅಮೃತಾಳ ಗೆಳತಿ ಅನುಷಾ ಗಂಗಾವತಿಯಲ್ಲಿ ನರ್ಸು. ಅವಳ ಜೊತೆ ರೂಮಿನಲ್ಲಿದ್ದುಕೊಂಡು ಹೊಲಿಗೆ ಕೆಲಸ ಹಿಡಿಯುತ್ತಾಳಂತೆ. ಗಣಪತಿ ಹಬ್ಬ ಮುಗಿಯಲಿ, ಆಮೇಲೆ ಹೋಗು, ನಾನೇ ಬಂದು ಬಿಟ್ಟುಬರುತ್ತೇನೆ ಅಂದೆ. ಹೋಗಲಿ, ಬದುಕಲಿ. ಈ ಮನೆ ಇರುವುದೇ ಅದಕ್ಕೆ.

ಆಗಸ್ಟ್ ೯, ಶುಕ್ರವಾರ

ರೊಟ್ಟಿ ಹಬ್ಬ. ನಾಡಿದ್ದು ಪಂಚಮಿ. ರಂಜಾನ್ ಕೂಡ ಇವತ್ತೇ ಬಂದದ್ದರಿಂದ ಗೌಸಬೀ ರಜೆ. ನಾನೂ ಮಾರೆವ್ವನೂ ಅಮೃತಾಳೂ ಸೇರಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿದೆವು.

ಊಟದ ಹೊತ್ತಿಗೆ ಅಮೃತಾಳ ಅಣ್ಣ ಪ್ರವೀಣಕುಮಾರ ಬಂದ. ಕೈಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ತುಂಬಿದ ಡಬ್ಬಿ. ತಂಗಿಯನ್ನು ಪಂಚಮಿಗೆ ಕರೆಯಲು ಬಂದಿದ್ದ.

"ಅವ್ವ ಜೋಕಾಲಿ ಕಟ್ಟಿಸ್ಯಾಳ್ರಿ ಅಕ್ಕಾರ. ನನ್ನ ಮಗಳು ಬರೂಮಟ ಯಾರೂ ಕುಂದರಬ್ಯಾಡ್ರಿ ಅಂತ ಕಾವಲ ಕುಂತಾಳ."

ಅಮೃತಾ ನನ್ನನ್ನು ಅಡುಗೆಮನೆಗೆ ಕರೆದಳು. "ಬ್ಯಾಡ್ರಿ ಅಕ್ಕಾರ. ಇಷ್ಟ್ ದಿನಾ ಒಂದ್ ಫೋನ್ ಸೈತ ಮಾಡಿಲ್ಲ ಅಂವ. ಇವತ್ತ ಒಮ್ಮಿಂದೊಮ್ಮಿಗೆ ಯಾಕ ಬಂದಾನ?"

"ಅಣ್ಣ ಬೇ ಅಂವ! ಪಂಚಮಿಗೆ ಕರಿಯಾಕ ಬಂದ ಅಣ್ಣನ್ನ ಹೊಳ್ಳಿ ಕಳಸ್ತಾರೇನು? ಹಬ್ಬದ ದಿನಾ ನಿಮ್ಮವ್ವ ಅಳಬೇಕೇನು?"

"ನೀವು ಹೇಳಿದ್ರ ಹೋಗ್ತೀನಿ" ಅಂದಳು.

ಯಾರನ್ನೇ ಹೊರಗೆ ಕಳಿಸುವುದಿದ್ದರೂ ಮೊದಲು ಜಿಲ್ಲಾ ಕಚೇರಿಯ ಮೇಡಂಗೆ ತಿಳಿಸಬೇಕು ಅಂತ ನಿಯಮವಿದೆ. ಇವತ್ತು ಕಚೇರಿಗೆ ರಜೆ. ಗಂಡ ಬಂದರೆ ಒಳಗೆ ಬಿಡಬೇಡಿ ಅಂತಲೂ ನಿಯಮವಿದೆ, ಅಣ್ಣ ಬಂದರೆ ಬಿಡಬೇಡಿ ಅಂತ ಎಲ್ಲೂ ಇಲ್ಲ. ನನಗೆ ಅಣ್ಣ ತಮ್ಮಂದಿರಿಲ್ಲ. ಪಂಚಮಿಯ ದಿನ ಓಣಿಯ ಎಲ್ಲ ಬಾಗಿಲಿಗೂ ಯಾರೋ ಒಬ್ಬರು ಬಂದು, ನಮ್ಮ ಬಾಗಿಲಿಗೆ ಮಾತ್ರ ಯಾರೂ ಬಾರದಿದ್ದರೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತು.

ನಾನು ಉಡಿ ತುಂಬುವ ಹಾಗಿಲ್ಲ. ಮಾರೆವ್ವನಿಂದ ತುಂಬಿಸಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಕುಪ್ಪಸದ ಕಣ. ಗಂಡನಿಂದ ಕಿವಿ ಹರಿಸಿಕೊಂಡರೂ ಮುತ್ತೈದೆ ಮುತ್ತೈದೆಯೇ. ಅಮೃತಾ ಬೈಕ್ ಹತ್ತಿ ತಿರುವಿನವರೆಗೂ ತಿರುಗಿ ನೋಡುತ್ತಿದ್ದಳು. ನನ್ನ ಮಗಳನ್ನೇ ತವರಿಗೆ ಕಳಿಸಿದ ಹಾಗಾಯಿತು.

ಆಗಸ್ಟ್ ೧೩, ಮಂಗಳವಾರ

ಬರಲಿಲ್ಲ. ಅಣ್ಣ ಫೋನ್ ಎತ್ತುತ್ತಿಲ್ಲ.

ಆಗಸ್ಟ್ ೧೪, ಬುಧವಾರ

ಬರಲಿಲ್ಲ.

ಆಗಸ್ಟ್ ೧೭, ಶನಿವಾರ

ಅವಳನ್ನು ನವಲಿಗೆ ಒಯ್ಯಲೇ ಇಲ್ಲ. ಬೈಕು ಇಲ್ಲಿಂದ ನೆಟ್ಟಗೆ ಗಿಣಿಗೇರಾಕ್ಕೆ ಹೋಗಿದೆ. ಫ್ಯಾಕ್ಟರಿಯಲ್ಲಿ ನೌಕರಿ ಹಚ್ಚಿಸುತ್ತೇನೆ ಅಂತ ಪ್ರಭುರಾಜ ಅವಳ ಅಣ್ಣನಿಗೆ ಮಾತು ಕೊಟ್ಟಿದ್ದನಂತೆ. ಅಣ್ಣ ಗಂಡನ ಮನೆಯ ಬಾಗಿಲಲ್ಲಿ ಇಳಿಸಿ, ಉಂಡಿಯ ಡಬ್ಬಿ ಕೈಗೆ ಕೊಟ್ಟು, ತಿರುಗಿ ನೋಡದೆ ಹೋಗಿದ್ದಾನೆ. ಜೋಕಾಲಿ ಮಾತ್ರ ಸುಳ್ಳಲ್ಲ. ಅಲ್ಲಿ ತಾಯಿ ಜೋಕಾಲಿ ಕಟ್ಟಿಸಿ ಪಂಚಮಿ ಮುಗಿಯುವ ತನಕ ದಾರಿ ಕಾದಿದ್ದಾಳೆ.

ಪಕ್ಕದ ಮನೆಯವರು ಬಾಗಿಲು ಒಡೆದು ಅಮೃತಾಳನ್ನು ದವಾಖಾನೆಗೆ ಸೇರಿಸಿದ್ದಾರೆ. ಎಡಗೈ ಎರಡು ಕಡೆ ಮುರಿದಿದೆ. ಹೋಗಿ ನೋಡಿದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕರೆದೆ, ಹೊರಳಲಿಲ್ಲ.

ನನಗೆ ಅಳು ನಿಲ್ಲಲಿಲ್ಲ. ಅವಳ ಅಣ್ಣನ ಕೈಗೆ ಹುಳ ಬೀಳಲಿ.

ಆಗಸ್ಟ್ ೨೬, ಸೋಮವಾರ

ಕರೆದುಕೊಂಡು ಬಂದೆ. ಪೊಲೀಸ್ ಕೇಸಾಯಿತು, ಗಂಡನಿಗೆ ಜಾಮೀನೂ ಆಯಿತು.

ಗಂಜಿ ಕುಡಿಸುವಾಗ ಮೊದಲ ಸಲ ಬಾಯಿ ಬಿಟ್ಟಳು. "ನಾ ಬ್ಯಾಡ ಅಂದಿದ್ದೆ ಅಕ್ಕಾರ."

ಅಂದಿದ್ದಳೇ? ನನಗೆ ಹಾಗೆ ನೆನಪಿಲ್ಲ. ಹಬ್ಬದ ಗಡಿಬಿಡಿ, ಒಲೆಯ ಮೇಲೆ ಪಲ್ಯ. ಅಣ್ಣನನ್ನು ಕಂಡು ಅವಳಿಗೂ ಸಂತೋಷವಾಗಿತ್ತು, ನನ್ನ ಕಣ್ಣಾರೆ ನೋಡಿದ್ದೇನೆ. ನೋವಿನಲ್ಲಿ ಏನೋ ಅನ್ನುತ್ತಾಳೆ, ಪಾಪ. ಮಾತು ಬೆಳೆಸಲಿಲ್ಲ.

ಒಂದಂತೂ ನಿಶ್ಚಯ ಮಾಡಿದ್ದೇನೆ. ಇನ್ನು ಯಾರು ಬಂದರೂ ಸರಿ, ಅಣ್ಣನಾಗಲಿ, ಅವ್ವನಾಗಲಿ, ಬ್ರಹ್ಮನೇ ಬರಲಿ, ಈ ಹುಡುಗಿಯನ್ನು ನನ್ನ ಕೈಯಿಂದ ಒಯ್ಯಲು ಬಿಡುವುದಿಲ್ಲ.

ಸೆಪ್ಟೆಂಬರ್ ೫, ಗುರುವಾರ

ಗೇಟಿಗೆ ಹೊಸ ಬೀಗ ತರಿಸಿದೆ, ಅಂಗೈ ತುಂಬುವಷ್ಟು ದೊಡ್ಡದು. ಅಮೃತಾಳ ಮೊಬೈಲು ನನ್ನ ಕಪಾಟಿನಲ್ಲಿದೆ. ಕೊಡಲು ಒಲ್ಲೆ ಅಂದಳು, ಆಮೇಲೆ ಕೊಟ್ಟಳು. ರಸ್ತೆಯ ಕಡೆಯ ಕಿಟಕಿಗೆ ಬರಬೇಡ ಅಂದಿದ್ದೇನೆ. ಎಲ್ಲ ಅವಳ ಒಳ್ಳೆಯದಕ್ಕೇ. ತಾಯಿಯಾದವಳು ಮಾಡದ್ದನ್ನು ನಾನೇನು ಮಾಡುತ್ತಿಲ್ಲ.

ನವಲಿಯಿಂದ ಅವಳ ತಾಯಿ ಬಂದಿದ್ದಳು. ಗೇಟಿನಾಚೆ ಮಣ್ಣಿನಲ್ಲಿ ಕುಳಿತು, ಮಗ ಹೀಗೆ ಮಾಡುತ್ತಾನೆ ಅಂತ ತಿಳಿದಿರಲಿಲ್ಲ, ಒಮ್ಮೆ ಮುಖ ತೋರಿಸಿರಿ ಅಂತ ಎದೆ ಬಡಿದುಕೊಂಡಳು. ಅಳುವುದು ಎಲ್ಲರಿಗೂ ಬರುತ್ತದೆ. ಬೀಗ ತೆಗೆಯಲಿಲ್ಲ.

ಸೆಪ್ಟೆಂಬರ್ ೧೯, ಗುರುವಾರ

ಮಾರೆವ್ವನನ್ನು ಅವಳ ಮಗ ಬಂದು ಕರೆದುಕೊಂಡು ಹೋದ. ಈಗ ಮನೆಯಲ್ಲಿ ಇರುವವಳು ಅಮೃತಾ ಒಬ್ಬಳೇ.

ಕಳಕಪ್ಪನವರು ಬಂದು ಕೋಣೆ ಕೋಣೆ ಸುತ್ತಿದರು. "ಒಬ್ಬಾಕಿ ಸಲುವಾಗಿ ಇಷ್ಟ ದೊಡ್ಡ ಮನಿ ಬೇಕೇನ್ರಿ? ಅಕಿನೂ ಹೋದ ಮ್ಯಾಲ ರೇಷನ್ ಗೋದಾಮಿಗೆ ಕೊಡೂದು ಅಂತ ಮಾತ ನಡದೈತಿ. ನಿಮ್ಮನ್ನ ಏನ್ ಮಾಡೂದು ಆಮ್ಯಾಲ ನೋಡೂಣು."

ಏನು ನೋಡುತ್ತಾರೆ? ನಾನು ಆ ಗಡಿಯಾರದ ಮನೆಗೆ ತಿರುಗಿ ಹೋಗಬೇಕು, ಅಷ್ಟೇ. ಅಮೃತಾ ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದಳು, ಬೈದೆ.

ಸೆಪ್ಟೆಂಬರ್ ೩೦, ಸೋಮವಾರ

ಅನುಷಾ ಬಂದಿದ್ದಳು. ಬಿಳಿ ಸಮವಸ್ತ್ರದಲ್ಲೇ, ಡ್ಯೂಟಿ ಮುಗಿಸಿ ಗಂಗಾವತಿಯಿಂದ ಬಸ್ ಹತ್ತಿದವಳು. ಗೇಟಿನ ಹೊರಗೇ ಮಾತಾಡಿಸಿದೆ.

"ಅಮೃತಾನ್ನ ಕರ್ಕೊಂಡ ಹೋಗಾಕ ಬಂದೀನ್ರಿ ಅಕ್ಕಾರ. ಟೇಲರ್ ಅಂಗಡ್ಯಾಗ ಮಾತಾಡೀನಿ. ಕೈ ಪೂರಾ ನೆಟ್ಟಗಾಗೂಮಟ ಕಾಜಾ ಗುಂಡಿ ಹಚ್ಚಿದ್ರ ಸಾಕು ಅಂದಾರ."

"ಅಕಿ ಯಾರನ್ನೂ ನೋಡಾಕ ಒಲ್ಲೆ ಅಂತಾಳ" ಅಂದೆ.

"ನನ್ನ ಹೆಸರ ಹೇಳ್ರಿ. ಓಡಿ ಬರ್ತಾಳ."

"ನಿನ್ನ ಹೆಸರ ಕೇಳೇ ಒಲ್ಲೆ ಅಂದ್ಳು."

ಹುಡುಗಿಯ ಮುಖ ಸಣ್ಣದಾಯಿತು. ಹೋಗಲಿ. ಅಣ್ಣ ಉಂಡಿ ತಂದಿದ್ದ, ಇವಳು ಬಾಳೆಹಣ್ಣು ತಂದಿದ್ದಾಳೆ. ಯಾರ ಹೊಟ್ಟೆಯಲ್ಲಿ ಏನಿದೆ ಅಂತ ಹೇಗೆ ಹೇಳುವುದು? ಹಣ್ಣನ್ನು ನಾನೂ ಗೌಸಬೀಯೂ ತಿಂದೆವು. ಅಮೃತಾಳಿಗೂ ಒಂದು ಕೊಟ್ಟೆ, ಸಂತೆಯಿಂದ ತರಿಸಿದ್ದು ಅಂದೆ. ಅನುಷಾ ಯಾಕೆ ಬರಲೊಲ್ಲಳು ಅಂತ ಅವಳು ಕೇಳಿದಾಗ, ದೊಡ್ಡ ಊರಿನವರು ಮರೆಯುತ್ತಾರೆ ಅಂದೆ.

ಅಕ್ಟೋಬರ್ ೯, ಬುಧವಾರ

ಕಳಕಪ್ಪನವರು ಇವತ್ತು ಖುಷಿಯಲ್ಲಿ ಬಂದರು. "ನಿಮ್ಮ ಹುಡುಗಿ ಗಂಡ ಇನ್ನೊಬ್ಬಾಕಿನ್ನ ಕಟಗೊಂಡು ತೋರಣಗಲ್ಲಿಗೆ ಹೋಗ್ಯಾನಂತ್ರಿ. ಮನಿ ಸಾಮಾನು ಸೈತ ಒಯ್ದಾನ. ಇನ್ನ ಇಕಿಗೆ ಯಾರ ಹೆದರಿಕಿ? ಎಲ್ಲಿಗರ ಹೋಗಿ ಆರಾಮ ಇರ್ಲಿ."

ಅವರು ಹೋದ ಮೇಲೆ ಬಹಳ ಹೊತ್ತು ಅಂಗಳದಲ್ಲಿ ಕುಳಿತಿದ್ದೆ. ಅಮೃತಾ ಒಳಗೆ ಒಂದೇ ಕೈಯಿಂದ ಪಾತ್ರೆ ತೊಳೆಯುತ್ತಿದ್ದಳು. ಹೇಳಬೇಕು ಅಂತ ಎರಡು ಸಲ ಬಾಗಿಲ ತನಕ ಹೋದೆ. ಹೇಳಿದರೆ ಇವತ್ತೇ ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾಳೆ. ಹೊರಗೆ ಪ್ರಭುರಾಜ ಒಬ್ಬನೇ ಇದ್ದಾನೆಯೇ? ಎಲ್ಲ ಓಣಿಗೂ ಒಬ್ಬೊಬ್ಬನಿದ್ದಾನೆ. ಇನ್ನೂ ಅವಳ ಕೈ ಗಟ್ಟಿಯಾಗಿಲ್ಲ, ಮನಸ್ಸೂ ಗಟ್ಟಿಯಾಗಿಲ್ಲ. ಸದ್ಯಕ್ಕೆ ಬೇಡ.

ಅಕ್ಟೋಬರ್ ೧೪, ಸೋಮವಾರ

ಊರೆಲ್ಲ ಬನ್ನಿ ಕೊಟ್ಟು ತೆಗೆದುಕೊಳ್ಳುತ್ತಿದೆ. ನಾನೂ ಹೊಸ ಸೀರೆ ಉಟ್ಟು ಓಣಿಯಲ್ಲಿ ನಾಲ್ಕು ಮನೆಗೆ ಹೋಗಿ ಬಂದೆ. ಅಮೃತಾ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾರ, ಗಂಗಾವತಿಗೆ ಹೋಗ್ತೀನ್ರಿ. ಅನುಷಾ ಮರತಿದ್ರ ಮರೀಲಿ. ನಾನ ಹೋಗಿ ಬಾಗಲಾ ಬಡೀತೀನಿ."

ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಹೇಳಿದೆ. "ಬಸ್‌ಸ್ಟ್ಯಾಂಡಿನ್ಯಾಗ ನಿನ್ನ ಗಂಡನ್ನ ಕಂಡ್ನೆಲ್ಲಾ ಈಗ! ಕಬ್ಬಿನ ಹಾಲಿನ ಅಂಗಡಿ ಮುಂದ ನಿಂತಾನ. ನಮ್ಮ ಫ್ಲೆಕ್ಸ್ ಓದಾಕತ್ತಿದ್ದ."

ಅವಳ ಮುಖ ಸುಣ್ಣವಾಯಿತು. ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. ತಾನೇ ಬಾಗಿಲು ಹಾಕಿದಳು, ತಾನೇ ಅಗುಳಿ ಜಡಿದಳು. ಮಲಗುವ ತನಕ ನನ್ನ ಕೈ ಬಿಡಲಿಲ್ಲ. ಅವಳು ನನ್ನ ಕೈ ಹಿಡಿದು ಎಷ್ಟು ದಿನವಾಗಿತ್ತು! ಹಬ್ಬ ಹಬ್ಬದ ಹಾಗೇ ಆಯಿತು.

ಅಕ್ಟೋಬರ್ ೨೫, ಶುಕ್ರವಾರ

ಸಣ್ಣ ಗಲಾಟೆ. ಕೈ ತಾಗಿತು.

ಅಕ್ಟೋಬರ್ ೨೬, ಶನಿವಾರ

ನಿನ್ನೆ ಬರೆಯುವ ಮನಸ್ಸಿರಲಿಲ್ಲ. ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದೆ. ಗೌಸಬೀ ಬಂದು ಎಬ್ಬಿಸಿದಳು. ಅಮೃತಾ ಅಂಗಳದ ಆ ಕಟಕಟೆ ಹತ್ತಿ ಕಂಪೌಂಡ್ ಗೋಡೆಗೆ ಒಂದು ಕಾಲು ಹಾಕಿದ್ದಾಳೆ! ಸೀರೆ ಮೊಣಕಾಲಿಗೆ ಏರಿದೆ, ರಸ್ತೆಯಲ್ಲಿ ಜನ. ಇಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳಿಗೆ ಇವಳು ಕೊ‌ಡುವ ಮರ್ಯಾದೆ ಇದು. ಗೌಸಬೀಯ ಫೋನಿನಿಂದ ಕದ್ದು ಅನುಷಾಳ ಜೊತೆ ಮಾತಾಡಿದ್ದಾಳೆ, ಅವಳು ಬಂದು ಹೋದದ್ದನ್ನು ನಾನು ಮುಚ್ಚಿಟ್ಟ ಸುಳ್ಳೂ ತಿಳಿದಿದೆ. ಅನುಷಾ ಮುಂದಿನ ತಿರುವಿನಲ್ಲಿ ಆಟೋ ನಿಲ್ಲಿಸಿಕೊಂಡು ಕಾದಿದ್ದಳಂತೆ.

ಇಳಿಸಿಕೊಂಡು ಒಳಗೆ ತಂದೆ. ಮಂದಿ ಕೂಡುತ್ತಾರೆ ಅಂತ ಮೊದಲು ಬಾಗಿಲು ಹಾಕಿದೆ. ಗೌಸಬೀ ಟಿವಿ ಹಚ್ಚಿದ್ದಳು, ಜೋರು ಮಾಡು ಅಂದೆ. ನಾನು ಹೊಡೆಯಬೇಕು ಅಂತ ಇರಲಿಲ್ಲ. ಅವಳು ಸುಮ್ಮನೆ ತಪ್ಪಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಕಣ್ಣಿಗೆ ಕಣ್ಣು ಕೊಟ್ಟು, "ನೀವ್ಯಾರ್ರಿ ನನ್ನ ಹಿಡದಿಡಾಕ?" ಅಂದಳು. ಸಿಟ್ಟು ಬಂತು. ನನಗೆ ಸಿಟ್ಟು ಬರುವುದು ಅವಳಿಗೆ ಗೊತ್ತಿದೆ, ಗೊತ್ತಿದ್ದೂ ಅಂಥ ಮಾತಾಡುತ್ತಾಳೆ. ಕೈಯಲ್ಲಿ ಬೀಗವಿದೆ ಅನ್ನುವುದೇ ನನಗೆ ಖಬರಿರಲಿಲ್ಲ. ತುಟಿ ಒಡೆದಿದೆ, ಒಂದು ಹಲ್ಲು ಅಲುಗಾಡುತ್ತಿದೆ. ಅರಿಶಿನ ಹಚ್ಚಿದೆ, ನನ್ನ ಕೈಯಿಂದಲೇ. ಎರಡನೆಯ ಸಲ ಹೊಡೆದದ್ದು ಯಾಕೆ ಅಂತ ಗೌಸಬೀ ಕೇಳಿದಳು. ಎರಡನೆಯ ಸಲ ಹೊಡೆದೆನೇ?

ಸಂಜೆ ಅವಳ ಪಕ್ಕ ಕುಳಿತು ಸಮಾಧಾನದಿಂದ ಹೇಳಿದೆ. ಅನುಷಾಳ ಮಾತು ನಂಬಬೇಡ. ನಿಮ್ಮಣ್ಣ ಸುಳ್ಳು ಹೇಳಲಿಲ್ಲವೇ? ಅವನ ಹಾಗೆ ಇವಳೂ ನಿನ್ನ ಗಂಡನ ಕೈಗೇ ಕೊಡಲು ಕರೆಯುತ್ತಿದ್ದಾಳೆ. ನಾನು ನಿನಗೆ ಯಾವತ್ತಾದರೂ ಕೆಟ್ಟದ್ದು ಬಯಸಿದ್ದೇನೆಯೇ? ಅಮೃತಾ ತಲೆ ಅಲ್ಲಾಡಿಸಿದಳು. ಗೌಸಬೀಯಿಂದ ಬಿಸಿ ಮಿರ್ಚಿ ತರಿಸಿ ಕೊಟ್ಟೆ. ಖಾರ ತಾಗಿ ಕಣ್ಣಲ್ಲಿ ನೀರು ಬಂತು, ಆದರೂ ತಿಂದಳು.

ನವೆಂಬರ್ ೪, ಸೋಮವಾರ

ದೀಪಾವಳಿ ಪಾಡ್ಯ. ಅಮೃತಾಳಿಗೆ ಹಸಿರು ಇಳಕಲ್ ಸೀರೆ ತಂದೆ. ಉಟ್ಟುಕೊಂಡು ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಈಗ ಬಹಳ ಸುಧಾರಿಸಿದ್ದಾಳೆ. ಮೊದಲಿನ ಹಾಗೆ ತಿರುಗಿ ಮಾತಾಡುವುದಿಲ್ಲ. ಕರೆದರೆ ಬರುತ್ತಾಳೆ, ಹೋಗು ಅಂದರೆ ಹೋಗುತ್ತಾಳೆ. ಕೀಲಿಯ ಸಪ್ಪಳ ಕೇಳಿದರೆ ಎದ್ದು ನಿಲ್ಲುತ್ತಾಳೆ.

ನವೆಂಬರ್ ೮, ಶುಕ್ರವಾರ

ಜಿಲ್ಲಾ ಕಚೇರಿಯ ಮೇಡಂ ಇವತ್ತು ಹೇಳದೆ ಕೇಳದೆ ಬಂದರು. ಜೀಪಿನಿಂದ ಅವರ ಹಿಂದೆ ಅನುಷಾ ಇಳಿದಳು. ಅವಳೇ ಹೋಗಿ ದೂರು ಕೊಟ್ಟಿದ್ದಾಳೆ.

ಮೇಡಂ ಅಮೃತಾಳನ್ನೂ ಅನುಷಾಳನ್ನೂ ಒಳಗಿನ ಕೋಣೆಯಲ್ಲಿ ಕೂರಿಸಿಕೊಂಡು, ನನಗೆ ನೀವು ಹೊರಗಿರಿ ಅಂದರು. ನಾನು ಕಿಟಕಿಯ ಹತ್ತಿರ ನಿಂತೆ.

"ತುಟಿಗೆ ಏನಾತವ್ವ?"

"ಬಚ್ಚಲದಾಗ ಜಾರಿ ಬಿದ್ದೇರಿ."

"ಖರೇ ಹೇಳು. ಇಲ್ಲಿ ಬ್ಯಾರೆ ಯಾರೂ ಇಲ್ಲ."

"ಖರೇನ ಜಾರಿ ಬಿದ್ದೇರಿ. ಅಕ್ಕಾರ ಅರಿಶಿಣ ಹಚ್ಚಿದ್ರು."

ಅನುಷಾ ಅಳುತ್ತಾ ಅವಳ ಹೆಗಲು ಹಿಡಿದು ಅಲುಗಿಸಿದಳು. "ನಡಿ ಅಮೃತಾ, ಹೋಗೂಣು ಬೇ. ನಿನ್ನ ಗಂಡ ಇಲ್ಲಿಲ್ಲ. ಇನ್ನೊಬ್ಬಾಕಿ ಕೂಡ ತೋರಣಗಲ್ಲಿಗೆ ಹೋಗ್ಯಾನ. ನಾ ಗಿಣಿಗೇರಾಕ್ಕ ಹೋಗಿ ಮನಿಗೆ ಕೀಲಿ ಬಿದ್ದದ್ದ ನೋಡಿ ಬಂದೀನಿ."

"ಇಲ್ಲ. ಬಸ್‌ಸ್ಟ್ಯಾಂಡಿನ್ಯಾಗ ಅದಾನ. ಅಕ್ಕಾರ ನೋಡ್ಯಾರ."

ಮೇಡಂ ನನ್ನನ್ನು ಒಳಗೆ ಕರೆದರು. "ನೀವು ಆತನ್ನ ಇಲ್ಲೆ ನೋಡೀರೇನ್ರಿ? ಸರಿಯಾಗಿ ನೆನಪ ಮಾಡಿಕೊಂಡು ಹೇಳ್ರಿ. ನೀವು ಇಲ್ಲ ಅಂದ್ರ ಈ ಹುಡುಗಿ ಈಗ ಗೆಳತಿ ಕೂಡ ಹೋಗ್ತಾಳ."

ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅಮೃತಾಳ ಕಣ್ಣು ಮಾತ್ರ ಬೇರೆ ಥರ ಇತ್ತು. ನಾನು ಏನು ಹೇಳಿದರೂ ನಂಬಲು ತಯಾರಾಗಿ ಕುಳಿತ ಕಣ್ಣು. ನಾಳೆ ಬೆಳಿಗ್ಗೆ ಈ ಮನೆಯಲ್ಲಿ ಯಾರೂ ಇಲ್ಲದ್ದನ್ನು ನೆನೆಸಿಕೊಂಡೆ.

"ನೋಡೀನ್ರಿ ಮೇಡಂ. ನಿನ್ನೆನೂ ನಿಂತಿದ್ದ" ಅಂದೆ.

ಅಮೃತಾ ಎದ್ದು ಬಂದು ನನ್ನ ಹಿಂದೆ ನಿಂತಳು. ಅನುಷಾ ನನ್ನ ಮುಖದ ಮೇಲೆ ಉಗುಳುವುದೊಂದು ಬಾಕಿ. ಹುಡುಗಿ ಹೋಗಲು ಒಪ್ಪುತ್ತಿಲ್ಲ, ಇಲ್ಲೇ ಸುರಕ್ಷಿತವಾಗಿದ್ದಾಳೆ ಅಂತ ಮೇಡಂ ಬರೆದುಕೊಂಡರು. ಇಂಥ ಪ್ರಕರಣ ಇರುವಾಗ ಮನೆ ಮುಚ್ಚುವ ಪ್ರಶ್ನೆಯೇ ಇಲ್ಲ, ಪುರಸಭೆಗೆ ನಾನೇ ಹೇಳುತ್ತೇನೆ ಅಂದರು. ಹೋಗುವಾಗ ನನಗೆ ಕೈ ಮುಗಿದರು. ಜೀಪು ಹೋದ ಮೇಲೂ ಅನುಷಾ ಬಹಳ ಹೊತ್ತು ಗೇಟಿನಾಚೆ ನಿಂತು ಅಮೃತಾ, ಅಮೃತಾ ಅಂತ ಕೂಗಿದಳು. ಅಮೃತಾ ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ಕುಳಿತಿದ್ದಳು. ಆಮೇಲೆ ಅವಳ ಬಸ್ಸಿನ ಹೊತ್ತಾಗಿರಬೇಕು, ಕೂಗು ನಿಂತಿತು.

ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿದೆ. ಅಮೃತಾ ಬಿಸಿ ರೊಟ್ಟಿ ಬಡಿದು ನನಗೆ ಮೊದಲು ಬಡಿಸಿದಳು. ನಾನು ಕೈ ತೊಳೆಯುವ ತನಕ ಗೋಡೆಗೆ ಅಂಟಿಕೊಂಡು ನಿಂತಿದ್ದಳು, ಆಮೇಲೆ ತಾನು ಉಂಡಳು. ಒಂದು ಮಾತಿಗೂ ಎದುರಾಡುವುದಿಲ್ಲ, ಮನೆಯ ಮಾತನ್ನು ಹೊರಗೆ ಹೇಳುವುದಿಲ್ಲ. ಇಷ್ಟು ಒಳ್ಳೆಯ ಹುಡುಗಿಯನ್ನು ಆ ಪ್ರಭುರಾಜ ಯಾಕೆ ಹೊಡೆಯುತ್ತಿದ್ದನೋ, ನನಗಂತೂ ಇವತ್ತಿಗೂ ತಿಳಿದಿಲ್ಲ.